‘ರಾಯರು’: ಸಲುಗೆಯ ಬಹುವಚನ

ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ (1942) ಪ್ರಸಿದ್ಧ ಕವಿತೆಯೊಂದರಲ್ಲಿ ಹೆಂಡತಿಗೆ ಪದುಮ ಎಂಬ ಹೆಸರಿದೆ, ಮಾವನ ಮನೆಗೆ ಬಂದ ಗಂಡ ಬರಿಯ ‘ರಾಯರು’. ಮೈಸೂರು ಸೀಮೆಯ ಓದುಗರಿಗೆ ಈ ಬಹುವಚನ ನವಿರಾದ ವಿನೋದ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಆದವಾನಿಯ ಕನ್ನಡಿಗರಿಗಾದರೋ ‘ರಾಯರು’ ಎಂದೊಡನೆ ನೆನಪಾಗುವವರು ನೆರೆಯ ಮಂತ್ರಾಲಯದ ರಾಘವೇಂದ್ರರು, ಅಳಿಯ ಆಮೇಲೆ.

ಗಂಡನ ಹೆಸರೆತ್ತದ ಮನೆಗಳಲ್ಲಿ ಕನ್ನಡದ ‘ಏನ್ರೀ’, ತೆಲುಗಿನ ‘ಏಮಂಡಿ’ ಎರಡೂ ಪ್ರಶ್ನೆಗೆ ಗೌರವಸೂಚಕ ಸೇರಿ ಹುಟ್ಟಿದ ಕರೆಗಳು. ಮುದ್ದಿನ ಮಾತನ್ನು ‘ನಲ್ಲ’, ‘ಇನಿಯ’ಗಳಲ್ಲಷ್ಟೇ ಅರಸುವ ವಿಮರ್ಶೆ ಇಂಥವನ್ನು ಬರಿಯ ಮರ್ಯಾದೆಯೆಂದು ಬದಿಗಿಡುತ್ತದೆ. ಆದರೆ ಹೆಸರು ಹಿಡಿದು ಕರೆಯುವ ಹಕ್ಕು ಗಂಡನಿಗಷ್ಟೇ ಇದ್ದಲ್ಲಿ ಹೆಂಡತಿಯ ಸಲುಗೆಗೆ ಉಳಿಯುವುದು ದನಿಯೊಂದೇ. ಕವಿತೆಯ ಚೆಲುವನ್ನು ಮೆಚ್ಚುವ ಓದು ಈ ಅಸಮತೆಯನ್ನೂ ಕೇಳಿಸಿಕೊಳ್ಳಬೇಕು.