ಯಾರೂ ಇಲ್ಲವೆಂದು ಕೂಡಿ ಹಾಡುವವರು

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಮನೆಯಲ್ಲಿ ಸಾವಾದರೆ ರಾತ್ರಿ ಭಜನಿಯವರು ಬಂದು ಕೂಡುತ್ತಾರೆ. ಪೇಟಿ (ಹಾರ್ಮೋನಿಯಂ), ತಬಲಾ, ತಾಳ, ದಮ್ಮಡಿ, ಎಲ್ಲೋ ಒಂದು ಏಕತಾರಿ. ಹಾಡುವುದು ತತ್ವಪದ. ಹೆತ್ತವರು ನಿನ್ನವರಲ್ಲ, ಹೊಲಮನೆ ನಿನ್ನದಲ್ಲ, ಒಬ್ಬನೇ ಬಂದೆ, ಒಬ್ಬನೇ ಹೋಗುತ್ತೀ ಎನ್ನುವ ಧಾಟಿಯ ಪದಗಳೇ ಹೆಚ್ಚು. ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಅದನ್ನೇ ತಿರುಗಿ ಹಿಡಿಯುತ್ತಾರೆ. ನಿನಗೆ ಯಾರೂ ಇಲ್ಲ ಎಂದು ಹಾಡುವವರು ಆ ಮನೆಯವರನ್ನು ಆ ರಾತ್ರಿ ಒಂಟಿಯಾಗಿ ಬಿಡುವುದಿಲ್ಲ. ವೈರಾಗ್ಯದ ಹಾಡಿನ ಈ ಪರಂಪರೆಯನ್ನು ಅಳೆಯಬೇಕಾದದ್ದು ಇಲ್ಲಿಂದ. ಸಾಲುಗಳನ್ನಷ್ಟೇ ಪುಸ್ತಕದಲ್ಲಿ ಓದಿ, ಇದು ಲೋಕಕ್ಕೆ ಬೆನ್ನು ತಿರುಗಿಸಿದ ಕಾವ್ಯ ಎಂದು ತೀರ್ಪು ಕೊಡುವವರು ಅರ್ಧ ಪದವನ್ನು ಮಾತ್ರ ಓದಿರುತ್ತಾರೆ.

ಮನಸ್ಸು ಲೋಕದಿಂದ ಹಿಂದೆ ಸರಿಯುವುದು ಎಲ್ಲ ಕಾಲದ ಹಾಡಿಗೂ ವಸ್ತು. 1979ರಲ್ಲಿ ಇಂಗ್ಲೆಂಡಿನ ಗ್ಯಾರಿ ನ್ಯೂಮನ್ ‘ಕಾರ್ಸ್’ ಹಾಡಿದ. ಲಂಡನ್ನಿನ ರಸ್ತೆಯಲ್ಲಿ ಯಾರೋ ಅವನನ್ನು ಕಾರಿನಿಂದ ಹೊರಗೆಳೆಯಲು ಬಂದಿದ್ದರು. ಅವನು ಬಾಗಿಲು ಲಾಕ್ ಮಾಡಿಕೊಂಡು, ಫುಟ್‌ಪಾತಿನ ಮೇಲೆ ಗಾಡಿ ಹತ್ತಿಸಿ ಪಾರಾಗಿದ್ದ. ಹಾಡು ಹುಟ್ಟಿದ್ದು ಆ ಭಯದಲ್ಲಿ: ಮುಚ್ಚಿದ ಕಾರಿನೊಳಗೆ ಮಾತ್ರ ನೆಮ್ಮದಿ. ಭಾವ ಹಿಂಗಿದ ದನಿ, ಸುತ್ತ ಸಿಂಥಸೈಸರ್. ಹಾಡಿನ ಉತ್ತರಾರ್ಧದಲ್ಲಿ ಮಾತೇ ಇಲ್ಲ, ಯಂತ್ರದ ಸ್ವರ ಮಾತ್ರ. ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಒಳ್ಳೆಯ ಹಾಡು, ತನ್ನ ಕಾಲದ ಒಂಟಿತನವನ್ನು ಅದು ಮುಚ್ಚಿಡಲಿಲ್ಲ. ಆದರೆ ಅಲ್ಲಿ ಮರುದನಿ ಕೊಡುವವರು ಯಾರೂ ಇಲ್ಲ. ತತ್ವಪದದ ಕಟ್ಟಡವೇ ಮರುದನಿಯ ಮೇಲೆ ನಿಂತಿದೆ.

ಇನ್ನೊಂದು ಅಂತರವೂ ಇದೆ. ಯಾವುದರಿಂದ ಹಿಂದೆ ಸರಿಯುವುದು ಎಂಬ ಪ್ರಶ್ನೆಗೆ ತತ್ವಪದಕಾರರ ಬಳಿ ಖಚಿತ ಉತ್ತರವಿತ್ತು. ಕಡಕೋಳ ಮಡಿವಾಳಪ್ಪ ಬಿಟ್ಟದ್ದು ಮನುಷ್ಯರನ್ನಲ್ಲ, ಮಠದ ದೊಡ್ಡಸ್ತಿಕೆಯನ್ನು, ಕುಲದ ಹಮ್ಮನ್ನು. ಅವನ ಶಿಷ್ಯಬಳಗದಲ್ಲಿ ಖೈನೂರು ಕೃಷ್ಣಪ್ಪನೂ ಇದ್ದ, ಚೆನ್ನೂರು ಜಲಾಲಸಾಹೇಬನೂ ಇದ್ದ. ಶಿಶುನಾಳದ ಷರೀಫ (1819–1889) ಬ್ರಾಹ್ಮಣ ಗುರು ಗೋವಿಂದಭಟ್ಟರ ಕೈಹಿಡಿದ. ಜಾತಿಯ ಲೋಕವನ್ನು ತೊರೆದವರಿಗೆ ಸೇರಲು ಗುರುಶಿಷ್ಯರ ಮತ್ತೊಂದು ಲೋಕ ತೆರೆದಿತ್ತು. ಪದದ ಕೊನೆಗೆ ಬರುವ ಅಂಕಿತವೂ ಹಾಡುವವನ ಹೆಸರನ್ನು ಹಿಂದಿಟ್ಟು ಗುರುವನ್ನೋ ದೈವವನ್ನೋ ಮುಂದಿಡುತ್ತದೆ.

ಇಷ್ಟು ಹೇಳಿದ ಮೇಲೆ ದೋಷವನ್ನೂ ಹೇಳಲೇಬೇಕು. ಈ ಪದಗಳಲ್ಲಿ ಸಂಸಾರದ ದೂರು ಮತ್ತೆ ಮತ್ತೆ ಬಂದು ಬೀಳುವುದು ಹೆಂಡತಿಯ ಮೇಲೆ. ಬಲೆ ಅವಳೇ, ಮಾಯೆ ಅವಳೇ. ಗಂಡಸು ಪೇಟಿ ಮುಂದಿಟ್ಟುಕೊಂಡು ಹೆಂಡತಿ ಮಕ್ಕಳು ಸುಳ್ಳು ಎಂದು ಹಾಡುವಾಗ ಒಳಗೆ ಭಜನಿಯವರಿಗೆ ಚಹಾ ಕಾಸುತ್ತಿರುವವಳು ಹೆಂಡತಿಯೇ. ಅವಳಿಗೆ ಬಿಟ್ಟು ಹೋಗುವ ಅವಕಾಶ ಎಂದೂ ಇರಲಿಲ್ಲ. ಮಾಯೆ ಹೆಣ್ಣಿನಲ್ಲಿಲ್ಲ, ಆಸೆಪಡುವ ಮನಸ್ಸಿನಲ್ಲಿದೆ ಎಂದು ಅಲ್ಲಮ 12ನೇ ಶತಮಾನದಲ್ಲೇ ತಿಳಿಹೇಳಿದ್ದ. ಆ ಕಾಲದ ವಚನಗಳನ್ನು ಓಲೆಗರಿಗಳಿಂದ ಹೆಕ್ಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದ ಫ. ಗು. ಹಳಕಟ್ಟಿಯವರು ವಕೀಲಿ ಮಾಡುತ್ತಿದ್ದದ್ದು ಇದೇ ವಿಜಯಪುರದಲ್ಲಿ. ಇಷ್ಟು ಹತ್ತಿರದಲ್ಲಿದ್ದ ಎಚ್ಚರ ಭಜನಿಕಟ್ಟೆಯನ್ನು ಪೂರ್ತಿ ತಲುಪಲಿಲ್ಲ.

ಹಾಗಾದರೆ ಹೆಂಗಸರ ವೈರಾಗ್ಯ ಎಲ್ಲಿ? ನನ್ನ ಮಟ್ಟಿಗೆ ಈ ಸೀಮೆಯ ಅತ್ಯುತ್ತಮ ಉತ್ತರ ಚಕ್ಕಿನಾಮಾ. ಆದಿಲಶಾಹಿ ಕಾಲದ ವಿಜಯಪುರದ ಚಿಸ್ತಿ ಸೂಫಿಗಳ ಬಳಗದಲ್ಲಿ ದಖ್ಖನಿ ಭಾಷೆಯಲ್ಲಿ ಬೆಳೆದ ಬೀಸುವ ಪದಗಳಿವು. ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಇವುಗಳ ಬೆಲೆಯನ್ನು ಎತ್ತಿ ತೋರಿಸಿದರು. ಬೀಸುಕಲ್ಲಿನ ನೆಟ್ಟಗಿನ ಗೂಟ ಅಲಿಫ್ ಅಕ್ಷರದಂತೆ ಅಲ್ಲಾಹನ ಗುರುತಾಗುತ್ತದೆ, ತಿರುಗುವ ಕಲ್ಲು ದೇವರ ನಾಮಸ್ಮರಣೆಯಾದ ಜಿಕ್ರ್‌ಗೆ ಲಯ ಕೊಡುತ್ತದೆ. ಕೈ ಕೆಲಸ ಬಿಡುವುದಿಲ್ಲ, ಹಿಟ್ಟು ಬೀಳುತ್ತಲೇ ಇರುತ್ತದೆ, ಮನಸ್ಸು ಮಾತ್ರ ಬೇರೆ ಕಡೆ. ಮನೆಯನ್ನು ಬಯ್ಯದೆ, ಮನೆಯ ಕೆಲಸದ ನಡುವೆಯೇ ಲೋಕದಿಂದ ಒಂದು ಹೆಜ್ಜೆ ಆಚೆ ನಿಲ್ಲುವ ಈ ಬಗೆ, ಗಂಡಸರ ಎಷ್ಟೋ ಪದಗಳಿಗಿಂತ ಪ್ರಾಮಾಣಿಕವಾದದ್ದು ಎಂದೇ ನಾನು ನಂಬುತ್ತೇನೆ. ಬೀಸುವಾಗ ಎದುರಿಗೊಬ್ಬಳು ಕೂತು ಗೂಟಕ್ಕೆ ಕೈ ಹಾಕಿದರೆ ಪದಕ್ಕೂ ಜೊತೆ ಸಿಗುತ್ತದೆ.

ವೈರಾಗ್ಯವೆಂದರೆ ಜನರಿಂದ ದೂರವಲ್ಲ ಎಂಬುದನ್ನು ನಮ್ಮ ಕಾಲದಲ್ಲೇ ಒಬ್ಬರು ಬದುಕಿ ತೋರಿಸಿದರು. ಈಗಿನ ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ಕಿಸೆಯಿಲ್ಲದ ಅಂಗಿ ತೊಟ್ಟರು, 2018ರಲ್ಲಿ ಪದ್ಮಶ್ರೀ ಬೇಡವೆಂದರು, ತಮಗೆ ಸ್ಮಾರಕ ಬೇಡವೆಂದು ಬರೆದಿಟ್ಟರು. ಆದರೂ ಊರೂರಿಗೆ ಹೋಗಿ ತಿಂಗಳುಗಟ್ಟಲೆ ಪ್ರವಚನ ಮಾಡಿದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ವಿಜಯಪುರಕ್ಕೆ ಹರಿದು ಬಂದ ಜನರನ್ನು ಕಂಡವರಿಗೆ ಆ ಬಿಡುವಿಕೆಯಲ್ಲಿದ್ದ ಹತ್ತಿರ ಎಂಥದ್ದೆಂದು ಗೊತ್ತು.

ಇನ್ನು ಧ್ವನಿಮುದ್ರಣದ ಮಾತು. ಪದಗಳಿಗೆ ಕೀಬೋರ್ಡ್ ಬಂತೆಂದು ಗೊಣಗುವುದರಲ್ಲಿ ಅರ್ಥವಿಲ್ಲ. ಪೇಟಿಯೂ ಯುರೋಪಿನಿಂದಲೇ ಬಂದದ್ದು, ಈಗ ಅದಿಲ್ಲದೆ ಭಜನಿಯಿಲ್ಲ. ಸಿ. ಅಶ್ವಥ್ ಷರೀಫರನ್ನು ಕನ್ನಡದ ಮನೆಮನೆಗೆ ಒಯ್ದರು, 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೂ ಅವರದೇ ಸಂಗೀತ. ಅದು ದೊಡ್ಡ ಉಪಕಾರ. ಆದರೆ ಅಲ್ಲಿ ಪದ ಒಬ್ಬ ಮಹಾಗಾಯಕನದಾಯಿತು, ನಾವು ಕೇಳುಗರಾದೆವು. 2008ರ ತಮ್ಮ ಆಲ್ಬಮ್ಮಿನಲ್ಲಿ ಗಿಟಾರ್ ಹಿಡಿದು ಷರೀಫರನ್ನು ಹಾಡಿದ ರಘು ದೀಕ್ಷಿತ್ ಧಾಟಿಯಲ್ಲಿ ಭಜನಿಯಿಂದ ಇನ್ನೂ ದೂರ ಹೋದರು. ಆದರೂ ಅವರ ಕಛೇರಿಗಳಲ್ಲಿ ಜನ ಪಲ್ಲವಿಯನ್ನು ತಿರುಗಿ ಹಾಡುತ್ತಾರೆ. ಆ ಒಂದು ವಿಷಯದಲ್ಲಿ ಅವರು ಭಜನಿಯವರಿಗೆ ಹತ್ತಿರ. ನನ್ನ ಆತಂಕವಿರುವುದು ಸಿದ್ಧ ತಾಳದ ಮೇಲೆ ಒಬ್ಬರೇ ಹಾಡಿ, ಹಿಮ್ಮೇಳವನ್ನೂ ತಮ್ಮ ದನಿಯಲ್ಲೇ ತುಂಬಿಸಿದ ಪದಗಳ ಬಗ್ಗೆ. ಇಯರ್‌ಫೋನ್ ಸಿಕ್ಕಿಸಿಕೊಂಡು ಅವನ್ನು ಒಂಟಿಯಾಗಿ ಕೇಳುವ ಹುಡುಗನಿಗೆ ‘ನಿನಗೆ ಯಾರೂ ಇಲ್ಲ’ ಎಂಬ ಮಾತು ಬರೀ ಮಾತಾಗಿಯೇ ಕಿವಿಗೆ ಬೀಳುತ್ತದೆ. ಅದನ್ನು ಸುಳ್ಳುಮಾಡುವ ಹತ್ತು ಕಂಠಗಳು ಪಕ್ಕದಲ್ಲಿರುವುದಿಲ್ಲ.

ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಬೀಸುವ ಪದ ಬಲ್ಲವರು ಈಗ ಅಜ್ಜಿಯರು. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲಿ, ತೊರವಿಯಲ್ಲಿ, ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿನಿಯರು ತಮ್ಮ ಊರಿನ ಅಜ್ಜಿಯರನ್ನು ಇಬ್ಬಿಬ್ಬರನ್ನಾಗಿ ಕೂಡಿಸಿ, ಎತ್ತುವವಳ ದನಿಯ ಜೊತೆ ಹಿಡಿಯುವವಳ ದನಿಯನ್ನೂ ಮುದ್ರಿಸಿಕೊಳ್ಳಲಿ. ಸಿಂಥಸೈಸರ್ ಸೇರಿಸುವ ಪ್ರಯೋಗವನ್ನು ಆಮೇಲೆ ಯಾರು ಬೇಕಾದರೂ ಮಾಡಲಿ.