ಸೈನಿಕನ ಮೌನ: ಸೆಲ್ವಿ ತೀರ್ಪನ್ನು ಕುರಿತು ಒಂದು ವಿಮರ್ಶೆ

ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಇತ್ತ ತೀರ್ಪನ್ನು ಮಂಪರು ಪರೀಕ್ಷೆಯ ತೀರ್ಪೆಂದೇ ಪಾಠ ಹೇಳುವುದುಂಟು. ಅದು ತೀರ್ಪಿನ ಅರ್ಧಾಂಶ ಮಾತ್ರ. ಆಪಾದಿತನನ್ನು ತನಗೆ ತಾನೇ ವಿರುದ್ಧ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂಬ ಸಂವಿಧಾನದ 20(3)ನೆಯ ಅನುಚ್ಛೇದದ ರಕ್ಷಣೆಯು ಕಟಕಟೆಯಲ್ಲಲ್ಲ, ತನಿಖೆಯಲ್ಲಿಯೇ ಆರಂಭವಾಗುತ್ತದೆ, ಶಂಕಿತನಿಗೂ ಸಾಕ್ಷಿಗೂ ಅದು ಸಲ್ಲುತ್ತದೆ ಎಂಬುದು ಉಳಿದರ್ಧ. ತೀರ್ಪಿನ ಕಣ್ಣು ಪೊಲೀಸ್ ತನಿಖೆಯ ಮೇಲಿದೆ. ಈ ತತ್ತ್ವವನ್ನು ದಂಡಿನೊಳಕ್ಕೆ ಒಯ್ದು ನೋಡಬೇಕಾಗಿದೆ.

ತೂಬಗೆರೆ ಹೋಬಳಿಯಿಂದ ಸೈನ್ಯಕ್ಕೆ ಸೇರಿದ ಜವಾನನೊಬ್ಬನನ್ನು ಊಹಿಸಿಕೊಳ್ಳೋಣ. ಉಗ್ರಾಣದಲ್ಲಿ ಸಾಮಾನು ಕಡಮೆ ಬಿದ್ದಿದೆ. ಅಧಿಕಾರಿ ಕರೆಸಿ ಕೇಳುತ್ತಾನೆ. ಊರಿನಲ್ಲಿ ಮೌನವು ಸಮ್ಮತಿಯ ಲಕ್ಷಣವಾದರೆ ಪಲ್ಟನ್ನಿನಲ್ಲಿ ಅವಿಧೇಯತೆಯ ಲಕ್ಷಣ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯದ ಕಾನೂನು 1872ರಿಂದಲೂ ಹೊರಗಿಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಅಧಿನಿಯಮದಲ್ಲಿಯೂ ಆ ನಿಷೇಧವಿದೆ. ಸೈನ್ಯಾಧಿಕಾರಿಯು ಪೊಲೀಸ್ ಅಧಿಕಾರಿಯಲ್ಲ. ಬೆದರಿಕೆ, ಆಮಿಷಗಳಿಂದ ಪಡೆದ ಒಪ್ಪಿಗೆ ಅಲ್ಲಿಯೂ ನಿಲ್ಲದೆಂಬುದು ನಿಜ; ಆದರೆ ಪದವಿಯ ಭಾರವನ್ನೇ ಬೆದರಿಕೆಯೆಂದು ಜವಾನನು ರುಜುವಾತುಪಡಿಸುವ ಬಗೆ ಯಾವುದು?

1954ರ ಸೈನ್ಯ ನಿಯಮಗಳು ಈ ವಿಷಯದಲ್ಲಿ ಉದಾಸೀನವಾಗಿಲ್ಲ. ಕೋರ್ಟ್ ಆಫ್ ಎನ್‌ಕ್ವೈರಿಯ ಮುಂದೆ ಆಡಿದ ಮಾತನ್ನು, ಸುಳ್ಳುಸಾಕ್ಷ್ಯದ ಆಪಾದನೆಯ ಹೊರತು, ಆಡಿದವನ ವಿರುದ್ಧ ಸಾಕ್ಷ್ಯವಾಗಿ ಸ್ವೀಕರಿಸಕೂಡದೆಂದು 182ನೆಯ ನಿಯಮ ವಿಧಿಸುತ್ತದೆ. ಸಾಕ್ಷ್ಯದ ಸಾರಾಂಶವನ್ನು ಬರೆದುಕೊಳ್ಳುವಾಗ ‘ನೀನು ಏನನ್ನೂ ಹೇಳಬೇಕಾಗಿಲ್ಲ’ ಎಂಬರ್ಥದ ಎಚ್ಚರಿಕೆಯನ್ನು 23ನೆಯ ನಿಯಮ ಕೊಡಿಸುತ್ತದೆ. ಇವು ಉತ್ತಮ ನಿಯಮಗಳೇ. ಆದರೆ ಎಚ್ಚರಿಕೆ ಬರುವ ವೇಳೆಗೆ ಜವಾನನು ಹೇಳಬೇಕಾದುದನ್ನೆಲ್ಲ ಹೇಳಿ ಮುಗಿಸಿರಬಹುದು. ಆ ಮಾತಿನ ಜಾಡು ಹಿಡಿದು ಬೇರೆ ಸಾಕ್ಷ್ಯವನ್ನು ಹುಡುಕುವುದಕ್ಕೆ 182ನೆಯ ನಿಯಮ ಅಡ್ಡಬರುವುದಿಲ್ಲ. ಅಮೆರಿಕದ 1950ರ ಸೈನಿಕ ನ್ಯಾಯಸಂಹಿತೆಯ 31ನೆಯ ಅನುಚ್ಛೇದವು ಶಂಕಿತನಿಗೆ ಪ್ರಶ್ನೆ ಹಾಕುವ ಮೊದಲೇ ಎಚ್ಚರಿಕೆ ಕೊಡಬೇಕೆಂದಿತು. ನಾಗರಿಕರಿಗೆ ಅಂಥ ಎಚ್ಚರಿಕೆ ಮಿರಾಂಡ ತೀರ್ಪಿನಿಂದ ದೊರೆತದ್ದು 1966ರಲ್ಲಿ. ಅಲ್ಲದೆ ಅದು ಶಾಸನಸಭೆಯ ಕಾನೂನು. ನಮ್ಮದು ಸರ್ಕಾರ ರಚಿಸಿದ, ಸರ್ಕಾರವೇ ತಿದ್ದಬಹುದಾದ ನಿಯಮ.

33ನೆಯ ಅನುಚ್ಛೇದವನ್ನೂ, ಅದನ್ನು ಅರ್ಥೈಸಿದ 1982ರ ಪೃಥೀಪಾಲ್ ಸಿಂಗ್ ಬೇಡಿ ತೀರ್ಪನ್ನೂ ಮುಂದೊಡ್ಡಿ, ಸೈನಿಕನ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಬಲ್ಲದೆಂದು ಕೆಲವರು ವಾದಿಸಬಹುದು. ಮೊಟಕುಗೊಳಿಸಬಲ್ಲದು ಎಂಬುದೇ ಬೇರೆ, ಮೊಟಕುಗೊಳಿಸಿದೆ ಎಂಬುದೇ ಬೇರೆ. 1950ರ ಸೈನ್ಯ ಅಧಿನಿಯಮದ 21ನೆಯ ಪ್ರಕರಣ ಕೈಹಾಕಿರುವುದು ಸಂಘ, ಸಭೆ, ಪತ್ರಿಕೆಗಳ ಸ್ವಾತಂತ್ರ್ಯಕ್ಕೆ. ಮೌನದ ಹಕ್ಕನ್ನು ಅದು ಮುಟ್ಟಿಲ್ಲ. ಹಾಗಿರುವಾಗ ಶಿಸ್ತಿನ ಹೆಸರಿನಲ್ಲಿ ಸೆಲ್ವಿ ತೀರ್ಪನ್ನು ಪಲ್ಟನ್ನಿನ ಬಾಗಿಲಲ್ಲಿ ತಡೆಯುವುದು ಯುಕ್ತವಲ್ಲ. 23ನೆಯ ನಿಯಮದ ಆ ಎಚ್ಚರಿಕೆಯನ್ನೇ ಕೋರ್ಟ್ ಆಫ್ ಎನ್‌ಕ್ವೈರಿಯ ಮೊದಲ ಪ್ರಶ್ನೆಗೆ ಮುಂಚೆ ಓದಿಹೇಳುವುದಕ್ಕೆ ಹೊಸ ಸಿದ್ಧಾಂತವೇನೂ ಬೇಕಾಗಿಲ್ಲ. ಅಧಿನಿಯಮದಲ್ಲಿ ಒಂದು ಪ್ರಕರಣ ಸೇರಿದರೆ ಸಾಕು.