ಉತ್ತರನ ಪೌರುಷವೂ ಬೃಹನ್ನಳೆಯ ಮೌನವೂ

ಬಳ್ಳಾರಿಯ ಕಂಟೋನ್ಮೆಂಟಿನಂಥ ಹಳೆಯ ದಂಡಿನ ಬಡಾವಣೆಗಳಿಗೆ ಇಸ್ಪೀಟು ಹೊಸದಲ್ಲ. ಆದರೂ ಪೋಕರಿನ ಮಾತೆತ್ತಿದೊಡನೆ ನಮ್ಮವರ ನೆನಪು ಸಭಾಪರ್ವಕ್ಕೆ ಓಡುತ್ತದೆ: ಶಕುನಿ, ದಾಳ, ಧರ್ಮರಾಯನ ಸರ್ವನಾಶ. ಈ ಹೋಲಿಕೆ ಸಹಜ, ಆದರೆ ಸಾಲದು. ಈ ಆಟದ ಮರ್ಮವನ್ನು ಅರಿಯಬಯಸುವ ವಾಚಕರು ಕುಮಾರವ್ಯಾಸನ ವಿರಾಟಪರ್ವವನ್ನು ತೆರೆಯಬೇಕು.

ದಾಳ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಪೋಕರಿನ ಇಂದಿನ ಬಳಕೆಯ ಆಟದಲ್ಲಿ ಪ್ರತಿಯೊಬ್ಬನ ಕೈಯಲ್ಲೂ ಎರಡು ಎಲೆ ಗುಟ್ಟಾಗಿರುತ್ತವೆ. ನಡುವೆ ಮೊದಲು ಮೂರು ಎಲೆಗಳನ್ನು ಬಿಚ್ಚಿಡುತ್ತಾರೆ. ಅದು ಫ್ಲಾಪ್. ಬೇರೆ ಬೇರೆ ಜಾತಿಯ ರಾಜ, ಏಳು, ಎರಡು ಬಿದ್ದರೆ ಅದು ಒಣ ಫ್ಲಾಪ್. ಮಳೆ ಕಾಣದ ಎರೆಹೊಲದಂತೆ ಅಲ್ಲಿ ಮುಂದೆ ಬೆಳೆಯುವ ಭರವಸೆ ಕಡಮೆ. ಜೋಡಿಯಿಲ್ಲದ ಎಲೆ ಹಿಡಿದವನಿಗೆ ಫ್ಲಾಪಿನಲ್ಲಿ ಜೋಡಿ ಕೂಡುವುದು ಸುಮಾರು ಮೂರರಲ್ಲಿ ಒಂದು ಸಲ ಮಾತ್ರ.

ಆದುದರಿಂದಲೇ ಇಲ್ಲಿ ಹುಸಿಬೆದರಿಕೆಯ ಆಸೆ ಹೆಚ್ಚು. ಒಬ್ಬನು ಪಣವೊಡ್ಡದೆ 'ಚೆಕ್' ಎಂದು ಸುಮ್ಮನಾಗುತ್ತಾನೆ. ನಡುವಿರುವ 100 ರೂಪಾಯಿಗೆ ಎದುರಾಳಿ 50 ಸೇರಿಸುತ್ತಾನೆ. ಸುಮ್ಮನಿದ್ದವನು ಥಟ್ಟನೆ 150 ಇಡುತ್ತಾನೆ. ಇದು ಚೆಕ್-ರೇಸ್. ಬರಿಗೈಯಾದರೆ ಇದು ಎರಡರಲ್ಲಿ ಒಂದಕ್ಕಿಂತ ಹೆಚ್ಚು ಸಲ ಫಲಿಸಬೇಕು, ಇಲ್ಲವಾದರೆ ನಷ್ಟವೇ. ಜಾಣ ಎದುರಾಳಿಯೂ ಯೋಚಿಸುತ್ತಾನೆ: ಇಷ್ಟು ಒಣ ನೆಲದಲ್ಲಿ ಇವನಿಗೆ ಸಿಕ್ಕಿದ್ದಾದರೂ ಏನು? ಮೂರು ಏಳುಗಳೆ, ಮೂರು ಎರಡುಗಳೆ, ಅಪರೂಪಕ್ಕೆ ಎರಡು ಜೋಡಿಯೆ? ನಂಬಬಹುದಾದ ಕಥೆಗಳು ಕೆಲವೇ.

ಉತ್ತರನ ಪೌರುಷ ಒಲೆಯ ಮುಂದೆ ಎಂಬುದು ನಮ್ಮ ಗಾದೆ. ಅಂತಃಪುರದಲ್ಲಿ ಕೌರವರನ್ನು ಗೆದ್ದ ಕುಮಾರ, ಅವರ ಸೈನ್ಯ ಕಂಡೊಡನೆ ರಥದಿಂದ ಧುಮುಕಿ ಓಡಿದ. ಅವನ ಸುಳ್ಳಿಗೆ ಹಿಂದೆ ಆಧಾರವಿರಲಿಲ್ಲ, ಮುಂದೆ ಧೈರ್ಯವಿರಲಿಲ್ಲ. ಬೃಹನ್ನಳೆಯಾದರೋ ವರುಷವಿಡೀ ಚೆಕ್ ಎಂದು ಕುಳಿತವಳು. ಬನ್ನಿಯ ಮರದಿಂದ ಗಾಂಡೀವ ಇಳಿದಾಗ ಆ ಮೌನಕ್ಕೆ ಬೆಲೆ ಬಂದಿತು. ಬಲ್ಲ ಆಟಗಾರನು ಒಂದೇ ಹೆಜ್ಜೆಯನ್ನು ಕೆಲವು ಸಲ ಬಲದಿಂದಲೂ ಕೆಲವು ಸಲ ಬರಿಗೈಯಿಂದಲೂ ಇಡುತ್ತಾನೆ. ಫಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ 1944ರ ತಮ್ಮ ಗ್ರಂಥದಲ್ಲಿ ಇದನ್ನೇ ಗಣಿತದಿಂದ ವಿವರಿಸಿದರು: ಎಂದೂ ಹುಸಿ ಬೆದರಿಸದವನ ನಿಜಬಲಕ್ಕೂ ಯಾರೂ ಪಣ ಕೊಡರು.

ಇದು ಕೌಶಲವೋ ಜೂಜೋ ಎಂಬ ವ್ಯಾಜ್ಯ ನ್ಯಾಯಾಲಯವನ್ನೂ ಮುಟ್ಟಿದೆ. ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಆನ್‌ಲೈನ್ ಪಣದಾಟಗಳ ಮೇಲೆ ರಾಜ್ಯವು 2021ರಲ್ಲಿ ಹೇರಿದ ನಿಷೇಧವನ್ನು 2022ರಲ್ಲಿ ಅದೇ ಹೈಕೋರ್ಟು ತಳ್ಳಿಹಾಕಿತು. 2025ರ ಕೇಂದ್ರ ಕಾಯಿದೆಯಾದರೋ ಕೌಶಲ, ಅದೃಷ್ಟಗಳ ಭೇದವೆಣಿಸದೆ ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು.

ಕಾನೂನು ಏನೇ ಹೇಳಲಿ, ಕೌಶಲದ ಒರೆಗಲ್ಲು ಬೆದರಿಸುವುದರಲ್ಲಿಲ್ಲ. ತನ್ನ ಕಥೆಯನ್ನು ಯಾರೂ ನಂಬುತ್ತಿಲ್ಲವೆಂದು ತಿಳಿದಾಗ ಎಲೆ ಕೆಳಗಿಟ್ಟು ಏಳುವುದರಲ್ಲಿದೆ. ಸಭಾಪರ್ವದ ಪಾಠವೂ ಪೋಕರಿಗೆ ಸಲ್ಲುವುದು ಇಲ್ಲಿಯೇ: ಶಕುನಿಯ ದಾಳ ಎಷ್ಟು ಕಪಟವಾಗಿತ್ತೋ, ಧರ್ಮರಾಯನಿಗೆ ಹಾಸಿನಿಂದ ಏಳುವುದೂ ಅಷ್ಟೇ ಕಷ್ಟವಾಗಿತ್ತು.